ಅಜ್ಜನ ಮನೆ ಎಲ್ಲಿತ್ತು? ಹಳೆಯ ನಕ್ಷೆಗಳಲ್ಲಿ ಹುಡುಕುವವರಿಗೆ ಒಂದು ಮಾರ್ಗದರ್ಶಿ

"ಮುತ್ತಜ್ಜ ಶಿವಮೊಗ್ಗದ ಕೋಟೆ ಕಡೆ ಇದ್ದರಂತೆ, ಆ ಕಾಲದ ಪೇಟೆಯ ನಕ್ಷೆ ಸಿಗುತ್ತದೆಯೇ?" "ನಮ್ಮ ಮೂಲ ತೀರ್ಥಹಳ್ಳಿ ಸೀಮೆ. ಊರಿನ ಹೆಸರು ಗೊತ್ತು, ಮೊಬೈಲ್ ನಕ್ಷೆಯಲ್ಲಿ ಮಾತ್ರ ಅಂಥ ಊರೇ ಇಲ್ಲ." "ನಮ್ಮ ಊರು ಶರಾವತಿಯಲ್ಲಿ ಮುಳುಗಿತು. ಎಲ್ಲಿತ್ತು ಎಂದು ಮಕ್ಕಳಿಗೆ ತೋರಿಸಲು ಸಾಧ್ಯವೇ?" ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಈ ಮೂರರ ಸುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಹಳೆಯ ನಕ್ಷೆಯಲ್ಲಿ ನಿಮ್ಮ ಹಿರಿಯರ ಹೆಸರು ಇರುವುದಿಲ್ಲ, ಇರುವುದು ಜಾಗ ಮಾತ್ರ. ಜಾಗ ಗುರುತಾದರೆ ಸರ್ವೆ ನಂಬರು ಸಿಗುತ್ತದೆ, ನಂಬರು ಸಿಕ್ಕರೆ ತಾಲ್ಲೂಕು ಕಚೇರಿಯ ದಾಖಲೆಗಳಲ್ಲಿ ಹೆಸರು ಸಿಗುತ್ತದೆ. ಈ ಕ್ರಮ ತಪ್ಪಿಸಿ, ಸಿಕ್ಕ ಅತಿ ಹಳೆಯ ನಕ್ಷೆಯನ್ನೇ ಮೊದಲು ಹಿಡಿದು ಕೂರುವವರು ಒಂದು ವಾರದಲ್ಲಿ ಬೇಸತ್ತು ಬಿಟ್ಟುಬಿಡುತ್ತಾರೆ. ಇಂದಿನ ನಕ್ಷೆಯಿಂದ ಹೊರಟು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಕಂಪ್ಯೂಟರ್ ಇರಲಿ, ಮೊಬೈಲಿನ ಪರದೆ ಈ ಕೆಲಸಕ್ಕೆ ಸಾಲದು. ಇಂಟರ್ನೆಟ್ ಸಂಪರ್ಕ, ಉಚಿತವಾಗಿ ಸಿಗುವ ಗೂಗಲ್ ಅರ್ಥ್ ಪ್ರೊ ತಂತ್ರಾಂಶ, ಜೊತೆಗೆ ಒಂದು ನೋಟ್‌ಬುಕ್ಕು ಸಾಕು.

ಹಂತ 1: ನಕ್ಷೆ ತೆರೆಯುವ ಮೊದಲು ಮನೆಯ ಟ್ರಂಕು ತೆರೆಯಿರಿ

ಕ್ರಯಪತ್ರ, ವಿಭಾಗಪತ್ರ, ಕೈಬರಹದ ಪಹಣಿ, ಕಂದಾಯ ಕಟ್ಟಿದ ರಸೀದಿ, ಹಳೆಯ ಶಾಲಾ ವರ್ಗಾವಣೆ ಪತ್ರ, ಲಗ್ನಪತ್ರಿಕೆ, ಅಂಚೆ ಮೊಹರು ಇರುವ ಕಾಗದ: ಯಾವುದನ್ನೂ ಬಿಡಬೇಡಿ. ಪಹಣಿ ಎಂದರೆ ಜಮೀನಿನ ಮಾಲೀಕರು, ಸಾಗುವಳಿದಾರರು ಮತ್ತು ಬೆಳೆಯ ವಿವರ ಇರುವ ದಾಖಲೆ. ಈಗ ಎಲ್ಲರೂ ಆರ್‌ಟಿಸಿ ಎನ್ನುವುದು ಇದನ್ನೇ.

ಕ್ರಯಪತ್ರ ಸಿಕ್ಕರೆ ನೇರವಾಗಿ ಚೆಕ್ಕುಬಂದಿಗೆ ಹೋಗಿ. ಆಸ್ತಿಯ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಮಾತಿನಲ್ಲಿ ಬರೆದಿರುವ ಭಾಗ ಅದು. "ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ಕಾನು, ಉತ್ತರಕ್ಕೆ ಕೆರೆ ಏರಿ, ದಕ್ಷಿಣಕ್ಕೆ ಇಂಥವರ ಬಾಗಾಯ್ತು" ಎಂಬ ರೀತಿಯ ನಾಲ್ಕು ಸಾಲು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಕಾನು ಎಂದರೆ ದಟ್ಟ ಕಾಡು. ಹಳ್ಳ, ಕಾನು, ಏರಿ ಮೂರೂ ನಕ್ಷೆಯಲ್ಲಿ ಕಾಣುವ ವಸ್ತುಗಳು. ಬಾಗಾಯ್ತು ಎಂದರೆ ತೋಟ, ತರಿ ಎಂದರೆ ನೀರಾವರಿ ಗದ್ದೆ, ಖುಷ್ಕಿ ಎಂದರೆ ಮಳೆಯಾಶ್ರಿತ ಬೆದ್ದಲು. ಈ ಮೂರು ಪದಗಳು ಮುಂದೆಯೂ ಎದುರಾಗುತ್ತವೆ.

ಕಾಗದ ಏನೂ ಉಳಿದಿಲ್ಲವೆಂದರೆ ಮನೆಯ ಹಿರಿಯರನ್ನು ಕೇಳಿ. "ನಮ್ಮ ಊರು ಯಾವುದು?" ಎಂದು ಕೇಳಿದರೆ ಹೆಸರೊಂದೇ ಬರುತ್ತದೆ. ಸಂತೆಗೆ ಯಾವ ಊರಿಗೆ ಹೋಗುತ್ತಿದ್ದರು, ಹೊಳೆ ಎಲ್ಲಿ ದಾಟುತ್ತಿದ್ದರು, ಯಾವ ಊರಿನ ಜಾತ್ರೆಗೆ ಕಾಣಿಕೆ ಹೋಗುತ್ತಿತ್ತು, ಚೌಡಿಬನ ಮನೆಯ ಯಾವ ದಿಕ್ಕಿಗಿತ್ತು, ಬಸ್ ಇಳಿದ ಮೇಲೆ ಎಷ್ಟು ಹೊತ್ತು ನಡೆಯಬೇಕಿತ್ತು ಎಂದು ಬಿಡಿಬಿಡಿಯಾಗಿ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ನಕ್ಷೆಯಲ್ಲಿ ಒಂದೇ ಹೆಸರಿನ ನಾಲ್ಕು ಊರುಗಳು ಸಿಕ್ಕಾಗ ಯಾವುದು ನಿಮ್ಮದೆಂದು ತೀರ್ಮಾನಿಸುವುದು ಈ ಉತ್ತರಗಳಿಂದಲೇ. ಮಲೆನಾಡಿನಲ್ಲಿ ಹೊಸೂರು, ಹೊಸಹಳ್ಳಿ, ಹೊಸಕೊಪ್ಪಗಳಿಗೆ ಬರವಿಲ್ಲ.

ಹಂತ 2: ಊರು ಆಗ ಯಾವ ತಾಲ್ಲೂಕಿನಲ್ಲಿತ್ತು?

ಹೆಚ್ಚಿನವರು ಎಡವುವುದು ಇಲ್ಲಿ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಊರಿನ ವಿಳಾಸವೆಂದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ. ಗ್ರಾಮದೊಳಗಿನ ಚಿಕ್ಕ ವಸತಿಗೆ ಮಜರೆ ಎನ್ನುತ್ತಾರೆ. ಮನೆಗಳು ಒಂದೆಡೆ ಸೇರಿರುವ ಬಯಲುಸೀಮೆಯಲ್ಲಿ ಊರಿನ ಹೆಸರೇ ಗ್ರಾಮದ ಹೆಸರೂ ಆಗಿರುತ್ತದೆ. ನಮ್ಮಲ್ಲಿ ಹಾಗಲ್ಲ. ಗುಡ್ಡಕ್ಕೊಂದು, ಬೈಲಿಗೊಂದು ಮನೆ. ಮನೆಯವರು ಹೇಳುವ ಹೆಸರು ಬಹಳ ಸಲ ಮಜರೆಯದು, ಕೆಲವೊಮ್ಮೆ ಆ ಒಂದೇ ಮನೆಯದು. ಸರ್ಕಾರಿ ಪಟ್ಟಿಯಲ್ಲಿ ಆ ಹೆಸರು ಹುಡುಕಿ "ಇಲ್ಲ" ಎಂದು ಕೈಬಿಡಬೇಡಿ. ಅಕ್ಕಪಕ್ಕದ ದೊಡ್ಡ ಗ್ರಾಮ ಯಾವುದೆಂದು ವಿಚಾರಿಸಿ, ಅದರ ನಕ್ಷೆಯೊಳಗೆ ನೋಡಿ.

ತಾಲ್ಲೂಕುಗಳೂ ನಿಂತಲ್ಲಿ ನಿಂತಿಲ್ಲ. ಇಂದಿನ ತೀರ್ಥಹಳ್ಳಿ ತಾಲ್ಲೂಕು ಹಿಂದೆ ಕವಲೇದುರ್ಗ ತಾಲ್ಲೂಕು. ಹೊಸನಗರ ತಾಲ್ಲೂಕಿನ ಹಳೆಯ ಹೆಸರು ನಗರ ತಾಲ್ಲೂಕು. ಕೇಂದ್ರ ಸ್ಥಾನ ಹಳೆಯ ನಗರದಿಂದ, ಅಂದರೆ ಕೆಳದಿ ಅರಸರ ಬಿದನೂರಿನಿಂದ, ಕಲ್ಲೂರುಕಟ್ಟೆಗೆ ಬಂದ ಮೇಲೆ ಆ ಊರೇ ಹೊಸನಗರವಾಯಿತು. ಭದ್ರಾವತಿ ಹಳೆಯ ಹಾಳೆಗಳಲ್ಲಿ ಬೆಂಕಿಪುರ. ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರವನ್ನು ಎಡೇಹಳ್ಳಿ ಎಂದು ಹುಡುಕಬೇಕು. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಅಲ್ಲಿನ ಮೂಲದವರು ಅದಕ್ಕೂ ಹಿಂದಿನ ಮುದ್ರಿತ ದಾಖಲೆಗಳನ್ನು ಶಿವಮೊಗ್ಗ ಜಿಲ್ಲೆಯ ಪುಟಗಳಲ್ಲೇ ನೋಡಬೇಕು.

ಶಿವಮೊಗ್ಗ ನಗರದವರಿಗೆ ಒಂದು ಮಾತು. ಗೋಪಾಳ, ನವುಲೆ, ಮಲ್ಲಿಗೇನಹಳ್ಳಿ, ಗಾಡಿಕೊಪ್ಪ, ಆಲ್ಕೊಳ, ಸೋಮಿನಕೊಪ್ಪ, ಹರಿಗೆ, ಪುರ್ಲೆ ಇವೆಲ್ಲ ಇಂದು ಬಡಾವಣೆಗಳ ಹೆಸರು, ಆದರೆ ಮೂಲತಃ ಹಳ್ಳಿಗಳು. ಇಲ್ಲಿನ ಮನೆಯ ಜಾಗದ ಹಿನ್ನೆಲೆ ಹುಡುಕುವವರು ಪೇಟೆಯ ನಕ್ಷೆ ಹಿಡಿದರೆ ಏನೂ ಸಿಗದು. ಬಡಾವಣೆಯಾಗುವ ಮೊದಲು ಆ ಜಾಗ ಯಾವ ಗ್ರಾಮದ ಎಷ್ಟನೆಯ ಸರ್ವೆ ನಂಬರಾಗಿತ್ತು ಎಂಬುದು ನಿವೇಶನದ ಕ್ರಯಪತ್ರದಲ್ಲಿ ಇದ್ದೇ ಇರುತ್ತದೆ. ಅಲ್ಲಿಂದ ಗ್ರಾಮ ನಕ್ಷೆಗೆ ಹೋಗಿ. ಕೋಟೆ, ಗಾಂಧಿ ಬಜಾರ್, ದುರ್ಗಿಗುಡಿಯಂತಹ ಹಳೆಯ ಭಾಗಗಳಿಗೆ ಮಾತ್ರ ಪೇಟೆಯ ನಕ್ಷೆಯ ಉಪಯೋಗ.

ಹಂತ 3: ಯಾವ ಕೆಲಸಕ್ಕೆ ಯಾವ ನಕ್ಷೆ?

ನಮಗೆ ಬೇಕಾದವು ಮೂರು ಬಗೆ.

ಮೊದಲನೆಯದು ಸ್ಥಳಾಕೃತಿ ನಕ್ಷೆ. ಗುಡ್ಡ, ಹೊಳೆ, ದಾರಿ, ಊರು, ಗುಡಿ, ಕಾಡು ಎಲ್ಲವನ್ನೂ ತೋರಿಸುವ ಹಾಳೆ. ಮಾಡಿದ್ದು 1767ರಲ್ಲಿ ಆರಂಭವಾದ ಸರ್ವೆ ಆಫ್ ಇಂಡಿಯಾ, ಅಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆ. ಎರಡನೆಯದು ಗ್ರಾಮ ನಕ್ಷೆ. ಹಳೆಯ ಕಾಗದಗಳಲ್ಲಿ ಗ್ರಾಮ ನಕಾಶೆ ಎಂದಿರುತ್ತದೆ. ಇದರಲ್ಲಿ ಗ್ರಾಮದ ಎಲ್ಲೆ ಮತ್ತು ಒಂದೊಂದು ಸರ್ವೆ ನಂಬರಿನ ಗಡಿ ಇರುತ್ತದೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಮುಂಬಯಿ ಪದ್ಧತಿಯಂತೆ ಶುರುವಾಯಿತು. ಇಂದಿನ ಸರ್ವೆ ನಂಬರುಗಳ ಬೇರು ಅಲ್ಲಿದೆ. ಮೂರನೆಯದು ಪೇಟೆಯೊಳಗಿನ ಆಸ್ತಿಗಳನ್ನು ಅಳೆದ ಸಿಟಿ ಸರ್ವೆ ನಕ್ಷೆ. ಶಿವಮೊಗ್ಗವು ನಗರ ಆಸ್ತಿ ಮಾಲೀಕತ್ವ ದಾಖಲೆಗಳ ಯೋಜನೆಗೆ ಮೊದಲಿಗೆ ಆಯ್ಕೆಯಾದ ನಗರಗಳಲ್ಲಿ ಒಂದು. ಹಾಗಾಗಿ ಆಸ್ತಿಗೆ ಪಿ.ಆರ್. ಕಾರ್ಡ್, ಅಂದರೆ ಮಾಲೀಕತ್ವದ ಚೀಟಿ, ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಹುಡುಕಾಟಕ್ಕೆ ಅದೇ ಮೊದಲ ಮೆಟ್ಟಿಲು.

ಇವುಗಳ ವ್ಯತ್ಯಾಸ ಅಳತೆಯಲ್ಲಿ ಗೊತ್ತಾಗುತ್ತದೆ. ಒಂದು ಇಂಚಿಗೆ ಒಂದು ಮೈಲಿಯ ಹಳೆಯ ಸ್ಥಳಾಕೃತಿ ಹಾಳೆಯಲ್ಲಿ ಒಂದು ಮಿಲಿಮೀಟರು ನೆಲದ ಮೇಲೆ ಸುಮಾರು 63 ಮೀಟರ್. ಹೆಬ್ಬಾಗಿಲು, ಅಂಗಳ, ಕೊಟ್ಟಿಗೆ ಎಲ್ಲ ಸೇರಿದ ದೊಡ್ಡ ಮನೆಯೂ ಅಲ್ಲಿ ಒಂದು ಕೆಂಪು ಚುಕ್ಕೆ. ಮೈಲಿಗೆ ಎಂಟು ಇಂಚಿನ, ಅಂದರೆ 1:7920 ಪ್ರಮಾಣದ ಗ್ರಾಮ ನಕ್ಷೆಯಲ್ಲಿ ಒಂದು ಮಿಲಿಮೀಟರು ಎಂಟು ಮೀಟರಿಗಿಂತ ತುಸು ಕಡಿಮೆ. ಅಲ್ಲಿ ಗದ್ದೆಯ ಮಡಿ ಕಾಣದಿದ್ದರೂ ನಂಬರಿನ ಆಕಾರ ಕಾಣುತ್ತದೆ. ಆದ್ದರಿಂದ ಸೀಮೆಯನ್ನು ಗುರುತಿಸಲು ಸ್ಥಳಾಕೃತಿ ಹಾಳೆ, ಜಮೀನು ಗುರುತಿಸಲು ಗ್ರಾಮ ನಕ್ಷೆ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಬೇಡಿ.

ಟಿಪ್ಪು ಮಡಿದ 1799ರ ನಂತರ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯ ನಕ್ಷೆಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ನೋಡಲು ಚಂದ, ಕೆಳದಿ ಸೀಮೆಯ ಕೋಟೆ ಮತ್ತು ಘಟ್ಟದ ದಾರಿಗಳ ಇತಿಹಾಸಕ್ಕೆ ಬೆಲೆಬಾಳುವಂಥವು. ನಿಮ್ಮ ಮನೆತನದ ಹುಡುಕಾಟಕ್ಕೆ ಅವು ಕೊನೆಯಲ್ಲಿರಲಿ.

ಹಂತ 4: ನಕ್ಷೆ ಎಲ್ಲಿ ಸಿಗುತ್ತದೆ?

*ಗ್ರಾಮ ನಕ್ಷೆ.* ರಾಜ್ಯದ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಗ್ರಾಮಗಳ ಪಟ್ಟಿ ಬರುತ್ತದೆ, ನಕ್ಷೆ ಪಿಡಿಎಫ್ ರೂಪದಲ್ಲಿ ಇಳಿಯುತ್ತದೆ. ನಿಮ್ಮದೊಂದೇ ಗ್ರಾಮ ಸಾಲದು. ಸುತ್ತಲಿನ ಗ್ರಾಮಗಳದ್ದನ್ನೂ ಇಳಿಸಿಕೊಳ್ಳಿ. ಜಮೀನು ಗಡಿಯಲ್ಲಿದ್ದರೆ ಅವು ಬೇಕೇ ಬೇಕು.

*ದಿಶಾಂಕ್.* ಇದು ಸರ್ಕಾರದ ಮೊಬೈಲ್ ಆ್ಯಪ್. ನೀವು ನಿಂತ ಜಾಗ ಯಾವ ಸರ್ವೆ ನಂಬರಿನೊಳಗಿದೆ ಎಂದು ತೋರಿಸುತ್ತದೆ. ಊರಿಗೆ ಹೋಗಿ ಹಳೆಯ ಮನೆಯ ಪಂಚಾಂಗದ, ಅಂದರೆ ಅಡಿಪಾಯದ ಕಟ್ಟೆಯ, ಮೇಲೆ ನಿಂತು ನೋಡಿದರೆ ನಂಬರು ಸಿಗುತ್ತದೆ. ನಂಬರಿನ ಅಂಚಿನ ಹತ್ತಿರ ನಿಂತಾಗ, ಅದರಲ್ಲೂ ದಟ್ಟ ಮರಗಳ ಕೆಳಗೆ, ಪಕ್ಕದ ನಂಬರು ತೋರಿಸುವುದುಂಟು. ನಾಲ್ಕು ಹೆಜ್ಜೆ ಆಚೀಚೆ ಸರಿದು ಮತ್ತೆ ನೋಡಿ.

*ಸ್ಥಳಾಕೃತಿ ಹಾಳೆ.* ಈಗಿನ 1:50,000 ಪ್ರಮಾಣದ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಪಡೆಯಬಹುದು. ಅವುಗಳ ಸಂಖ್ಯೆಯ ರೀತಿ ಬೇರೆ, ನಮ್ಮ ಭಾಗದವು "ಡಿ43" ಎಂದು ಶುರುವಾಗುತ್ತವೆ. ಹಳೆಯ ಹಾಳೆ ಹುಡುಕಲು ಹಳೆಯ ಸಂಖ್ಯೆಯೇ ಬೇಕು: ಶಿವಮೊಗ್ಗ ಮತ್ತು ಭದ್ರಾವತಿ 48 ಓ/9, ಹೊಸನಗರ ಮತ್ತು ನಗರ 48 ಓ/1, ಕವಲೇದುರ್ಗ 48 ಓ/2, ಸಾಗರ 48 ಎನ್/4, ಸೊರಬ 48 ಎನ್/3, ಶಿಕಾರಿಪುರ 48 ಎನ್/7, ಜೋಗ ಮತ್ತು ಲಿಂಗನಮಕ್ಕಿ 48 ಜೆ/16. ತೀರ್ಥಹಳ್ಳಿ ಪೇಟೆ 48 ಓ/2ರ ಬಲ ಅಂಚಿಗೆ ಅಂಟಿಕೊಂಡಿದೆ. ಅದರ ಪೂರ್ವದ ಊರುಗಳಿಗೆ 48 ಓ/6 ನೋಡಬೇಕು. ಸಾಗರವೂ ಹಾಗೆಯೇ, ತನ್ನ ಹಾಳೆಯ ಎಡ ಅಂಚಿನಲ್ಲಿದೆ. ಅಲ್ಲಿಂದ ತುಸು ಪಶ್ಚಿಮಕ್ಕೆ ಸರಿದರೆ ಹಾಳೆಯೇ ಬದಲು. ಹುಡುಕುವ ಜಾಗದಲ್ಲಿ ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

*ಹೊರದೇಶದ ಸಂಗ್ರಹಗಳು.* ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 1950ರ ದಶಕದಲ್ಲಿ ಅಮೆರಿಕದ ಸೇನೆ ಸಿದ್ಧಪಡಿಸಿದ 1:2,50,000 ಪ್ರಮಾಣದ ಭಾರತದ ಹಾಳೆಗಳು ಉಚಿತವಾಗಿ ಸಿಗುತ್ತವೆ. ಸರಣಿಯ ಹೆಸರು ಯು502. ಶಿವಮೊಗ್ಗ ಎನ್‌ಡಿ 43-11ರಲ್ಲಿ, ಸಾಗರ ಎನ್‌ಡಿ 43-7ರಲ್ಲಿ, ಜೋಗದ ಕಡೆ ಎನ್‌ಡಿ 43-6ರಲ್ಲಿ ಬರುತ್ತದೆ. ವಿವರ ಕಡಿಮೆಯಾದರೂ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಗೆ ಮುಂಚಿನ ಹಾಳೆಗಳು ಎಂಬುದೇ ದೊಡ್ಡದು. ಓಲ್ಡ್ ಮ್ಯಾಪ್ಸ್ ಆನ್‌ಲೈನ್ ಎಂಬ ತಾಣ ಹಲವು ಗ್ರಂಥಾಲಯಗಳ ಹಳೆಯ ನಕ್ಷೆಗಳನ್ನು ಒಂದೇ ಕಡೆ ಹುಡುಕಿಕೊಡುತ್ತದೆ. ಡೇವಿಡ್ ರಮ್ಸೆ ಸಂಗ್ರಹದಲ್ಲಿ ಹತ್ತೊಂಬತ್ತನೆಯ ಶತಮಾನದ ನಕ್ಷೆಗಳನ್ನು ಹಿಗ್ಗಿಸಿ ನೋಡಬಹುದು.

*ಪತ್ರಾಗಾರಗಳು.* ಭಾರತದ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ ಪಟಲ್ ತಾಣದಲ್ಲಿ ಕಡತಗಳ ಸೂಚಿ ಇದೆ, ಹಲವು ಕಡತಗಳ ಪ್ರತಿಯೂ ಇದೆ. ಮೈಸೂರು ಸಂಸ್ಥಾನದ ಆಡಳಿತ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ವಿಚಾರಿಸಿ.

ನಕ್ಷೆ ಇಳಿಸಿಕೊಂಡ ಕೂಡಲೇ ಕಡತಕ್ಕೆ ಹೆಸರಿಡಿ: ಊರು, ಹಾಳೆ ಸಂಖ್ಯೆ, ವರ್ಷ, ಸಿಕ್ಕ ಜಾಗ. ಡೌನ್‌ಲೋಡ್ ಫೋಲ್ಡರಿನಲ್ಲಿ ಹೆಸರಿಲ್ಲದೆ ಬಿದ್ದ ನಕ್ಷೆ ಮೂರು ತಿಂಗಳ ನಂತರ ಯಾರ ಉಪಯೋಗಕ್ಕೂ ಬರುವುದಿಲ್ಲ.

ಹಂತ 5: ನಕ್ಷೆಯ ವಯಸ್ಸು ಎಷ್ಟು?

ನಕ್ಷೆಯ ಅಂಚಿನಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ವರ್ಷ ಅಚ್ಚಾಗಿರುತ್ತದೆ: ನೆಲ ಅಳೆದ ವರ್ಷ, ಪ್ರಕಟಿಸಿದ ವರ್ಷ, ಮರುಮುದ್ರಣದ ವರ್ಷ. ನಮಗೆ ಮುಖ್ಯ ಮೊದಲನೆಯದು. ಹಾಳೆಯ ಕೆಳಗೆ ದೊಡ್ಡದಾಗಿ ಕಾಣುವುದು ಮಾತ್ರ ಬಹಳ ಸಲ ಕೊನೆಯದು. ಅಳತೆಗೂ ಮರುಮುದ್ರಣಕ್ಕೂ ನಡುವೆ ಒಂದು ತಲೆಮಾರೇ ಸರಿದಿರಬಹುದು. ಎಷ್ಟೋ ಸಲ ಸ್ಕ್ಯಾನ್ ಮಾಡಿದವರು ಅಂಚನ್ನೇ ಕತ್ತರಿಸಿರುತ್ತಾರೆ. ಅಂಥ ನಕ್ಷೆಯನ್ನು ಅದರೊಳಗಿನ ಗುರುತುಗಳಿಂದಲೇ ಅಂದಾಜಿಸಬೇಕು.

ನಮ್ಮ ಕಡೆಗೆ ಉಪಯೋಗವಾಗುವ ಗುರುತುಗಳು ಇವು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಹಳಿ ಇಲ್ಲದಿದ್ದರೆ ಅಳತೆ ಅದಕ್ಕಿಂತ ಹಿಂದಿನದು. ಹಳಿ ಶಿವಮೊಗ್ಗದಲ್ಲೇ ನಿಂತಿದ್ದರೆ, ತಾಳಗುಪ್ಪದವರೆಗಿನ ಮಾರ್ಗ ಮುಗಿದ 1940ಕ್ಕಿಂತ ಹಿಂದಿನದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯ ನೀರು ಕಾಣಿಸಿದರೆ 1940ರ ದಶಕದಿಂದ ಈಚಿನದು, ಅದೇ ಜಾಗ ಲಿಂಗನಮಕ್ಕಿಯ ವಿಶಾಲ ಹಿನ್ನೀರಿನಡಿ ಹೋಗಿದ್ದರೆ 1964ರ ನಂತರದ್ದು. "ಶಿವಮೊಗ್ಗ" ಎಂಬ ಅಧಿಕೃತ ಇಂಗ್ಲಿಷ್ ಬರಹವಿದ್ದರೆ ನಕ್ಷೆ 2014ರ ನವೆಂಬರ್ ಒಂದರಿಂದ ಈಚೆಗೆ ಮುದ್ರಣವಾದದ್ದು ಎಂದು ಧಾರಾಳವಾಗಿ ಹೇಳಬಹುದು.

ಒಂದು ಎಚ್ಚರಿಕೆ. ಮುದ್ರಕರು ಹಳೆಯ ಅಳತೆಯ ಮೇಲೆ ಹೊಸ ರೈಲುಮಾರ್ಗವನ್ನು ಮಾತ್ರ ಸೇರಿಸಿ ಮರುಮುದ್ರಿಸುತ್ತಿದ್ದರು. ಹಳಿ ಹೊಸದಿರಬಹುದು, ಅದರ ಪಕ್ಕದ ಊರಿನ ಚಿತ್ರ ಮೂವತ್ತು ವರ್ಷ ಹಳೆಯದಿರಬಹುದು. ಒಂದೇ ಗುರುತು ನೋಡಿ ವರ್ಷ ಬರೆಯಬೇಡಿ.

ಹಂತ 6: ಹೆಸರು ಮತ್ತು ಗುರುತು ಓದುವುದು

ಇಂಗ್ಲಿಷರ ಕಿವಿಗೆ ಬಿದ್ದಂತೆ ಬರೆದ ಹೆಸರುಗಳು ಹಳೆಯ ನಕ್ಷೆಗಳಲ್ಲಿ ತುಂಬಿವೆ. ಶಿವಮೊಗ್ಗ ಸಿಮೋಗಾ ಆಗುತ್ತದೆ, ಬಿದನೂರು ಬೆಡ್ನೋರ್, ನಗರ ನಗ್ಗರ್, ಕವಲೇದುರ್ಗ ಕೌಲಿಡ್ರೂಗ್. ಹುಡುಕುವ ಮೊದಲು ನಿಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಐದಾರು ಬಗೆಯಲ್ಲಿ ಬರೆದಿಟ್ಟುಕೊಳ್ಳಿ. ಕೊಪ್ಪ, ಹಳ್ಳಿ, ಸರ, ಗದ್ದೆ, ಬೈಲು ಎಂಬ ಬಾಲ ಬಿಟ್ಟು ಮುಂದಿನ ಭಾಗವನ್ನಷ್ಟೇ ಹುಡುಕಿದರೆ ಬೇಗ ಸಿಗುತ್ತದೆ.

ಸ್ಥಳಾಕೃತಿ ಹಾಳೆಯಲ್ಲಿ ಕೆಂಪು ಮನೆಮಠ, ಹಳದಿ ಸಾಗುವಳಿ, ಹಸಿರು ಕಾಡು, ನೀಲಿ ನೀರು. ಬೇಸಿಗೆಯಲ್ಲಿ ಬತ್ತುವ ಹಳ್ಳಗಳು ಕಪ್ಪು ಗೆರೆಯಲ್ಲಿರುತ್ತವೆ, ಅವನ್ನು ದಾರಿ ಎಂದು ಓದಿಬಿಡುವುದು ಸಾಮಾನ್ಯ. ಹಳೆಯ ಹಾಳೆಯಲ್ಲಿ ಎತ್ತರ ಅಡಿಗಳಲ್ಲಿರುತ್ತದೆ, ಮೀಟರಿನಲ್ಲಲ್ಲ.

ಗ್ರಾಮ ನಕ್ಷೆಯಲ್ಲಿ ಬಣ್ಣವಿಲ್ಲ, ಗೆರೆ ಮತ್ತು ಸಂಖ್ಯೆಗಳೇ ಎಲ್ಲ. ಸರ್ವೆ ನಂಬರು ಒಡೆದು ಭಾಗವಾದರೆ ಅದಕ್ಕೆ ಹಿಸ್ಸಾ ಎನ್ನುತ್ತಾರೆ, ಒಡೆಯುವ ಕ್ರಮಕ್ಕೆ ಪೋಡಿ. ಇಂದಿನ ಪಹಣಿಯಲ್ಲಿ 42/3 ಎಂದಿದ್ದರೆ ಹಳೆಯ ನಕ್ಷೆಯಲ್ಲಿ ಬರೀ 42 ಹುಡುಕಿ. ಸಾಗುವಳಿಗೆ ಬರದೆಂದು ಕಂದಾಯದಿಂದ ಬಿಟ್ಟ ಜಾಗ ಖರಾಬು. ಮಲೆನಾಡಿನಲ್ಲಿ ಇದರ ಜೊತೆಗೆ ಗೋಮಾಳ, ಕಾನು, ಸೊಪ್ಪಿನಬೆಟ್ಟಗಳೂ ಸೇರುತ್ತವೆ. ಸೊಪ್ಪಿನಬೆಟ್ಟವೆಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಗು ತರಲು ಬಿಟ್ಟ ಕಾಡು. ನಿಮ್ಮ ತೋಟ ಯಾವುದೆಂದು ಗೊತ್ತಾಗದೆ ಬೆಟ್ಟ ಯಾವುದೆಂದು ಮಾತ್ರ ಹಿರಿಯರಿಗೆ ನೆನಪಿದ್ದರೂ ಚಿಂತೆಯಿಲ್ಲ. ಸಾಮಾನ್ಯವಾಗಿ ತೋಟ ಅದರ ಬುಡದಲ್ಲೇ, ನೀರು ಇಳಿಯುವ ಕಣಿವೆಯಲ್ಲಿರುತ್ತದೆ.

ಅಳತೆಯ ಲೆಕ್ಕವನ್ನೂ ತಿಳಿದಿರಿ. ಸರ್ವೆ ಸರಪಳಿ 33 ಅಡಿ. ಒಂದು ಸರಪಳಿ ಚದರ ಒಂದು ಗುಂಟೆ, ಅಂದರೆ 1089 ಚದರಡಿ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 16 ಆಣೆ.

ಹಂತ 7: ಹಳೆಯದರ ಮೇಲೆ ಹೊಸದನ್ನು ಹೊಂದಿಸುವುದು

ಗೂಗಲ್ ಅರ್ಥ್ ಪ್ರೊದಲ್ಲಿ ಚಿತ್ರವನ್ನು ನೆಲದ ಮೇಲೆ ಹಾಸುವ ಸೌಲಭ್ಯವಿದೆ. ಹಳೆಯ ಹಾಳೆಯನ್ನು ಹಾಸಿ, ಮೂಲೆಗಳನ್ನು ಎಳೆದು ಹೊಂದಿಸಿ, ಪಾರದರ್ಶಕತೆಯ ಪಟ್ಟಿಯನ್ನು ಆಚೀಚೆ ಸರಿಸಿದರೆ ಕೆಳಗೆ ಇಂದಿನ ಉಪಗ್ರಹ ಚಿತ್ರ, ಮೇಲೆ ಹಳೆಯ ನಕ್ಷೆ. ಹೆಚ್ಚು ನಿಖರತೆ ಬೇಕಾದವರು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದ ಜಿಯೊರೆಫರೆನ್ಸರ್ ಬಳಸಿ. ಹಳೆಯ ನಕ್ಷೆಯ ಒಂದು ಬಿಂದು ಇಂದಿನ ನಕ್ಷೆಯ ಯಾವ ಬಿಂದು ಎಂದು ಒಂದೊಂದಾಗಿ ಹೇಳಿಕೊಡುವುದೇ ಅದರ ಕೆಲಸ. ಕನಿಷ್ಠ ನಾಲ್ಕು ಬಿಂದು ಬೇಕು, ಆರೇಳು ಇದ್ದರೆ ನೆಮ್ಮದಿ.

ಯಾವ ಬಿಂದುಗಳನ್ನು ಹಿಡಿಯಬೇಕು ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಹಳೆಯ ದೇವಸ್ಥಾನ, ಕೆರೆ ಏರಿಯ ಎರಡು ತುದಿ, ಕೋಡಿ, ರೈಲು ಸೇತುವೆ, ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು, ಎರಡು ಹೊಳೆ ಕೂಡುವ ಜಾಗ ಇವು ನಂಬಬಹುದಾದವು. ಕೂಡ್ಲಿಯಲ್ಲಿ ತುಂಗಾ ಭದ್ರಾ ಸೇರುವಲ್ಲಿನ ಗುಡಿಗಳು ಇಂಥದ್ದಕ್ಕೆ ಹೇಳಿ ಮಾಡಿಸಿದಂತಿವೆ. ರಸ್ತೆಯ ತಿರುವು, ಕಾಡಿನ ಅಂಚು, ಹಿನ್ನೀರಿನ ದಡ, ಮರಳು ದಂಡೆ ಬೇಡ. ಘಟ್ಟದ ರಸ್ತೆಗಳನ್ನು ಎಷ್ಟು ಸಲ ನೇರ ಮಾಡಿದ್ದಾರೆಂದು ಹೇಳುವಂತಿಲ್ಲ. ಬಿಂದುಗಳು ಹಾಳೆಯ ನಾಲ್ಕೂ ಕಡೆ ಹರಡಿರಲಿ. ಎಲ್ಲವನ್ನೂ ನಿಮ್ಮ ಊರಿನ ಸುತ್ತ ಹಿಡಿದರೆ ಅಂಚುಗಳು ಸೊಟ್ಟಗಾಗುತ್ತವೆ.

ಹಳೆಯ ಹಾಳೆಯಲ್ಲಿ ಅಚ್ಚಾದ ಅಕ್ಷಾಂಶ ರೇಖಾಂಶವನ್ನು ನೇರವಾಗಿ ಮೊಬೈಲಿಗೆ ಹಾಕಬೇಡಿ. ಆ ಕಾಲದ ಲೆಕ್ಕಕ್ಕೆ ಆಧಾರವಾದದ್ದು ಎವರೆಸ್ಟ್ ಗೋಳ ಎಂಬ ಭೂಮಿಯ ಆಕಾರದ ಮಾದರಿ, ಇಂದಿನ ಮೊಬೈಲಿನದು ಡಬ್ಲ್ಯೂಜಿಎಸ್ 84 ಎಂಬ ಬೇರೆ ಮಾದರಿ. ಎರಡರ ನಡುವೆ ನೂರು ಇನ್ನೂರು ಮೀಟರ್ ವ್ಯತ್ಯಾಸ ಬರುತ್ತದೆ. ಶಿವಮೊಗ್ಗದ ಪೇಟೆಯಲ್ಲಿ ಅಷ್ಟು ದೂರವೆಂದರೆ ಇನ್ನೊಂದು ಬೀದಿ.

ಮ್ಯಾಪ್ ವಾರ್ಪರ್‌ನಂತಹ ತಾಣಗಳಲ್ಲೂ ಈ ಕೆಲಸ ಮಾಡಬಹುದು, ಆದರೆ ಅಲ್ಲಿ ಹಾಕಿದ್ದು ಎಲ್ಲರಿಗೂ ಕಾಣುತ್ತದೆ. ಮನೆಯ ವಿಭಾಗಪತ್ರದ ಜೊತೆಗಿರುವ ಕೈನಕ್ಷೆಯನ್ನು ಅಲ್ಲಿಗೆ ಏರಿಸಬೇಡಿ. ಸರ್ಕಾರ ಪ್ರಕಟಿಸಿದ ನಕ್ಷೆಗಳ ಹಕ್ಕುಸ್ವಾಮ್ಯ ಭಾರತದಲ್ಲಿ 60 ವರ್ಷ. ಅದಕ್ಕಿಂತ ಹಳೆಯವನ್ನು ಹಂಚಿಕೊಳ್ಳಲು ಆ ಅಡ್ಡಿ ಇಲ್ಲ.

ಮುಳುಗಿದ ಊರಿನವರಿಗೆ

ಲಿಂಗನಮಕ್ಕಿಯಿಂದ ಎದ್ದು ಬಂದ ಕುಟುಂಬಗಳು ಶಿವಮೊಗ್ಗದ ಸುತ್ತಮುತ್ತ ಇಂದಿಗೂ "ಮುಳುಗಡೆಯವರು" ಎಂದೇ ಗುರುತಾಗುತ್ತವೆ. ಕರೂರು, ಬಾರಂಗಿ ಸೀಮೆಯವರಿಗೆ ನೋಡಿಬರಲು ಮನೆಯ ಪಂಚಾಂಗವೂ ಉಳಿದಿಲ್ಲ. ಹಳೆಯ ನಕ್ಷೆ ಬೇರೆಯವರಿಗೆ ಹವ್ಯಾಸವಾದರೆ ಇವರಿಗೆ ಅಗತ್ಯ. ಹುಡುಕುವ ಕ್ರಮವೂ ಸ್ವಲ್ಪ ಬೇರೆ.

ಮೊದಲು ಊರು ಇತ್ತೆಂಬುದಕ್ಕೆ ಬರಹದ ಆಧಾರ ಹಿಡಿಯಿರಿ. ಜನಗಣತಿ ಇಲಾಖೆಯ ತಾಣದಲ್ಲಿ ಹಳೆಯ ಜಿಲ್ಲಾ ಜನಗಣತಿ ಕೈಪಿಡಿಗಳಿವೆ, ಅವುಗಳಲ್ಲಿ ತಾಲ್ಲೂಕುವಾರು ಪ್ರತಿ ಗ್ರಾಮದ ಪಟ್ಟಿ ಇರುತ್ತದೆ. ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಹಾಗಾಗಿ 1961ರ ಪಟ್ಟಿಯನ್ನೂ 1971ರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಮೊದಲನೆಯದರಲ್ಲಿ ಜನ, ಮನೆ ಇರುವ ಗ್ರಾಮಕ್ಕೆ ಎರಡನೆಯದರಲ್ಲಿ ಏನಾಯಿತೆಂದು ನೋಡಿ. ಜನವಸತಿ ಇಲ್ಲದ ಗ್ರಾಮವನ್ನು ಕಂದಾಯ ಭಾಷೆಯಲ್ಲಿ ಬೇಚರಾಕ್ ಎನ್ನುತ್ತಾರೆ. ಎಷ್ಟೋ ಊರುಗಳು ಹೀಗೆ ಹೆಸರಾಗಿ ಮಾತ್ರ ಪಟ್ಟಿಯಲ್ಲಿ ಉಳಿದಿವೆ. ಬೇಚರಾಕ್ ಎಂದು ಕಂಡ ಕೂಡಲೇ ಕೈಬಿಡಬೇಡಿ, ಆ ಗ್ರಾಮಕ್ಕೆ ನಕ್ಷೆ ಇರುವ ಸಾಧ್ಯತೆ ಇದ್ದೇ ಇದೆ.

ಆಮೇಲೆ ಯು502 ಹಾಳೆ, ಸಿಕ್ಕರೆ ಇಂಚು ಮೈಲಿಯ ಹಳೆಯ ಹಾಳೆ. ಹೊಂದಿಸುವಾಗ ನೀರಿನೊಳಗೆ ಬಿಂದು ಹಿಡಿಯಲಾಗದು. ನೀರಿನ ಮೇಲೆ ಉಳಿದ ಗುಡ್ಡದ ತಲೆಗಳನ್ನು ಹಿಡಿಯಿರಿ. ಇಂದು ದ್ವೀಪವಾಗಿ ಕಾಣುವುದು ಅಂದಿನ ನಕ್ಷೆಯಲ್ಲಿ ಸಮೋನ್ನತ ರೇಖೆಗಳ ಸುತ್ತು. ಸಮೋನ್ನತ ರೇಖೆ ಎಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ. ಎರಡರ ಆಕಾರ ಹೋಲಿಸಿದರೆ ಯಾವ ದ್ವೀಪ ಯಾವ ಗುಡ್ಡ ಎಂದು ತಿಳಿಯುತ್ತದೆ. ಹಾಗೆ ಮೂರು ನಾಲ್ಕು ಗುಡ್ಡ ಹೊಂದಿದ ಮೇಲೆ ಅವುಗಳ ನಡುವಿನ ಹಳೆಯ ಹೊಳೆಪಾತ್ರ, ಕಡವು, ಊರು ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಕಡು ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟೆ ತಲೆ ಎತ್ತುತ್ತದೆ. ಅಂಥ ತಿಂಗಳ ಉಪಗ್ರಹ ಚಿತ್ರವನ್ನು ಗೂಗಲ್ ಅರ್ಥ್‌ನ ಕಾಲಪಟ್ಟಿಯಲ್ಲಿ ಹಿಂದಕ್ಕೆ ಹೋಗಿ ಆರಿಸಿಕೊಂಡರೆ ಹೊಂದಿಸಲು ಗಟ್ಟಿಯಾದ ಬಿಂದು ಸಿಗುತ್ತದೆ. ಅಮೆರಿಕದ ಕೊರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದವು. ಅಲ್ಲಿನ ಭೂವೈಜ್ಞಾನಿಕ ಇಲಾಖೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ನಿಮ್ಮ ಸೀಮೆಯದು ಇದೆಯೇ ಎಂದು ಹುಡುಕಿ. ಮಳೆಗಾಲದ ಚಿತ್ರಗಳನ್ನು ಬಿಟ್ಟುಬಿಡಿ, ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಹಂತ 8: ನಂಬರಿನಿಂದ ಹೆಸರಿಗೆ

ಸರ್ವೆ ನಂಬರು ಕೈಗೆ ಬಂದ ಮೇಲೆ ಕಂಪ್ಯೂಟರ್ ಮುಚ್ಚಿ ಕಚೇರಿಗೆ ಹೋಗಬೇಕು. ಭೂಮಿ ತಂತ್ರಾಂಶದ ಗಣಕೀಕೃತ ಪಹಣಿ 2000ರ ಆಚೀಚೆ ಬಂದದ್ದು. ಅದಕ್ಕಿಂತ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕೈಬರಹದ ಪಹಣಿ, ಐ.ಎಲ್. (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕು ದಾಖಲೆ) ಪುಸ್ತಕ, ಮ್ಯುಟೇಶನ್ ಅಂದರೆ ಹಕ್ಕು ಬದಲಾವಣೆಯ ವಹಿ ಕೇಳಿ. ಸರ್ವೆ ಶಾಖೆಯಲ್ಲಿ ಟಿಪ್ಪಣಿ ಇರುತ್ತದೆ, ಅದು ಆ ನಂಬರನ್ನು ಅಳೆದಾಗ ಬರೆದ ಕೈನಕ್ಷೆ. ಆಕಾರ್‌ಬಂದ್ ಎಂಬುದು ಪ್ರತಿ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯದ ಪಟ್ಟಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ದಾಖಲೆಗಳ ಸ್ಕ್ಯಾನಿಂಗ್ ನಡೆದಿರುವುದರಿಂದ, ಕಾಗದ ಸಿಗುವುದಿಲ್ಲ ಎಂದು ಹೇಳಿದರೆ ಸ್ಕ್ಯಾನ್ ಪ್ರತಿ ಇದೆಯೇ ಎಂದು ಇನ್ನೊಮ್ಮೆ ಕೇಳಿ. ಅರ್ಜಿಯಲ್ಲಿ "ಎಲ್ಲ ಹಳೆಯ ದಾಖಲೆ ಕೊಡಿ" ಎಂದು ಬರೆಯಬೇಡಿ. ಗ್ರಾಮ, ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ವಹಿ ಎಂದು ಸ್ಪಷ್ಟವಾಗಿ ಬರೆಯಿರಿ.

ಹೆಸರು ಹುಡುಕುವಾಗ ಮಲೆನಾಡಿನ ಒಂದು ಸಂಗತಿ ನೆನಪಿರಲಿ. ಹಿರಿಯರು ಉಳುತ್ತಿದ್ದ ಜಮೀನಿನ ಖಾತೆ ಅವರ ಹೆಸರಿನಲ್ಲಿ ಇರಲೇಬೇಕೆಂದಿಲ್ಲ. ಗೇಣಿದಾರರಾಗಿದ್ದವರ ಹೆಸರು ಮಾಲೀಕರ ಕಾಲಂನಲ್ಲಿ ಸಿಗುವುದಿಲ್ಲ, ಸಾಗುವಳಿಯ ಕಾಲಂನಲ್ಲಿ, ಅಂದರೆ ಪಹಣಿಯ 12ನೆಯ ಕಾಲಂನಲ್ಲಿ ನೋಡಬೇಕು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತ ಸೀಮೆ ಇದು. ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿಕೊಂಡರು. ಜನ ಅದನ್ನು "ಡಿಕ್ಲರೇಷನ್" ಎಂದೇ ಕರೆಯುತ್ತಿದ್ದರು. ಭೂ ನ್ಯಾಯ ಮಂಡಳಿಯ ಆ ಕಡತದಲ್ಲಿ ಅರ್ಜಿದಾರರ ಹೇಳಿಕೆ, ಎಷ್ಟು ಕಾಲದಿಂದ ಉಳುತ್ತಿದ್ದೇವೆ ಎಂಬ ಮಾತು, ಸಾಕ್ಷಿಗಳ ಹೆಸರು ಇರುವುದುಂಟು. ಗೇಣಿ ಮಾಡಿದ ಮನೆತನಕ್ಕೆ ಇದಕ್ಕಿಂತ ದೊಡ್ಡ ಕುಟುಂಬ ದಾಖಲೆ ಬೇರೆ ಸಿಗುವುದು ಕಷ್ಟ. ಖಾತೆಯಲ್ಲಿ ಹೆಸರಿಲ್ಲವೆಂದು ಅಲ್ಲಿಗೇ ನಿಲ್ಲಿಸುವವರು ಈ ಕಡತವನ್ನು ಕೇಳದೇ ಬರುತ್ತಾರೆ.

ಪೇಟೆಯ ಆಸ್ತಿಗೆ ಪಾಲಿಕೆಯ ಹಳೆಯ ಕಂದಾಯ ವಹಿ ಮತ್ತು ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ ನೋಡಿ. ಆನ್‌ಲೈನಿನಲ್ಲಿ ಸಿಗುವ ಋಣಭಾರ ಪತ್ರ ಈಚಿನ ವರ್ಷಗಳದ್ದು ಮಾತ್ರ. ಹಳೆಯದನ್ನು ಕಚೇರಿಯ ಸೂಚಿ ಪುಸ್ತಕಗಳಲ್ಲಿ ಕೈಯಿಂದಲೇ ಹುಡುಕಿಸಬೇಕು. ಊರಿನ ಹೆಸರು ಎಷ್ಟು ಹಳೆಯದೆಂಬ ಕುತೂಹಲವಿದ್ದರೆ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳನ್ನು ತಿರುವಿಹಾಕಿ. ಹಳೆಯ ಶಿವಮೊಗ್ಗ ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅಲ್ಲಿವೆ.

ಗಡಿ ತಕರಾರಿಗೆ ಈ ನಕ್ಷೆ ಬೇಡ

ಹುಡುಕುತ್ತ ಹೋದಂತೆ ಕೆಲವರಿಗೆ "ನಮ್ಮ ಜಾಗ ಪಕ್ಕದವರ ಬೇಲಿಯೊಳಗಿದೆ" ಎಂದು ಅನಿಸತೊಡಗುತ್ತದೆ. ಜಾಲತಾಣದಿಂದ ಇಳಿಸಿಕೊಂಡ, ನೀವೇ ಎಳೆದು ಹೊಂದಿಸಿದ ನಕ್ಷೆಯ ಮುದ್ರಿತ ಪ್ರತಿ ಹಿಡಿದು ಅವರ ಮನೆ ಬಾಗಿಲಿಗೆ ಹೋಗಬೇಡಿ. ಹೊಂದಿಸುವಾಗ ಹತ್ತಿಪ್ಪತ್ತು ಮೀಟರ್ ಸರಿದಿದ್ದರೂ ನಿಮಗೆ ತಿಳಿಯುವುದಿಲ್ಲ, ಒಂದು ಬೇಲಿಯ ಜಗಳಕ್ಕೆ ಒಂದೇ ಮೀಟರ್ ಸಾಕು. ಗಡಿ ಗುರುತಿಸಬೇಕಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ಕಾರಿ ಭೂಮಾಪಕರು ಮೂಲ ಟಿಪ್ಪಣಿಯಂತೆ ಅಳೆದು, ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಗಡಿ ತೋರಿಸುವ ಕ್ರಮ ಅದು. ಕಚೇರಿ ಅಥವಾ ನ್ಯಾಯಾಲಯದ ಕೆಲಸಕ್ಕೆ ದೃಢೀಕೃತ ನಕಲು, ಅಂದರೆ ಇಲಾಖೆಯ ಮೊಹರು ಮತ್ತು ಸಹಿ ಇರುವ ಪ್ರತಿಯೇ ಬೇಕು. ಅದನ್ನು ಕೇಳುವಾಗ ಗ್ರಾಮ ನಕ್ಷೆ, ಆ ನಂಬರಿನ ಟಿಪ್ಪಣಿ, ಆಕಾರ್‌ಬಂದ್ ಮೂರನ್ನೂ ಒಟ್ಟಿಗೇ ಕೇಳಿ, ಇಲ್ಲವಾದರೆ ಒಂದೊಂದಕ್ಕೂ ಮತ್ತೊಮ್ಮೆ ಅಲೆದಾಟ.